ಹದಿನೇಳು ಕೋಟಿ ಹೆಸರು: ಮೊದಲ ಮತದಾರರ ಪಟ್ಟಿ ಬರೆದ ಬಗೆ

ಮತದಾರರ ಪಟ್ಟಿಯ ಕೆಲಸ ಮಾಡಿದವರಿಗೆ ಚುನಾವಣೆ ಎಂದರೆ ಮೊದಲು ನೆನಪಾಗುವುದು ಮತಗಟ್ಟೆಯಲ್ಲ, ಮನೆ ಬಾಗಿಲು. ಕೈಯಲ್ಲಿ ಹಾಳೆ, ಎದುರಿಗೆ ಹೊಸ್ತಿಲ ಮೇಲೆ ನಿಂತ ಯಾರೋ ಒಬ್ಬರು, ಕೇಳಬೇಕಾದ ಏಳೆಂಟು ಪ್ರಶ್ನೆ. ಮನೆ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಎಷ್ಟು ದಿನದಿಂದ ಇಲ್ಲಿದ್ದೀರಿ. ಕೇಳಲು ಸಲೀಸು. ಬರೆಯಲು ಕೂತಾಗ ಒಂದೊಂದು ಕಾಲಮ್ಮೂ ಒಂದೊಂದು ತಕರಾರು.

ಸ್ವತಂತ್ರ ಭಾರತದ ಮೊದಲ ಸರ್ಕಾರಕ್ಕೆ ಮನೆಯೊಳಗಿನ ಕಷ್ಟ ಯಾವುವಿದ್ದವು ಎಂದು ಕೇಳಿದರೆ ಎಲ್ಲರೂ ನಿರಾಶ್ರಿತರು, ಆಹಾರದ ಅಭಾವ, ಐನೂರಕ್ಕೂ ಹೆಚ್ಚು ಸಂಸ್ಥಾನಗಳ ವಿಲೀನ, ಕಾಶ್ಮೀರ, ಹೈದರಾಬಾದ್ ಎಂದು ಎಣಿಸುತ್ತಾರೆ. ಅದೆಲ್ಲ ನಿಜ. ಆದರೆ ಅವೇ ತಿಂಗಳುಗಳಲ್ಲಿ, ಅವೇ ತಾಲ್ಲೂಕು ಕಚೇರಿಗಳ ಮೇಲೆ ಬಿದ್ದ ಇನ್ನೊಂದು ಹೊರೆ ಮತದಾರರ ಪಟ್ಟಿ. ದೇಶದ ಪ್ರತಿಯೊಬ್ಬ ವಯಸ್ಕನ ಹೆಸರು ಬರೆಯಬೇಕಿತ್ತು. ಅಲ್ಲಿಯವರೆಗೆ ಇಷ್ಟು ದೊಡ್ಡ ಪಟ್ಟಿಯನ್ನು ಯಾವ ದೇಶವೂ ಮಾಡಿರಲಿಲ್ಲ. ಈ ಕೆಲಸ ಹೇಗೆ ನಡೆಯಿತು, ಎಲ್ಲಿ ಎಡವಿತು ಎಂಬುದನ್ನು ಕಾಲಮ್ ಕಾಲಮ್ಮಾಗಿ ನೋಡುವುದು ಒಳ್ಳೆಯದು. ಇಂದು ಹೊಸ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ಹಿಡಿದು ಬೀದಿ ಸುತ್ತುವವರಿಗೆ ಎದುರಾಗುವ ಬಹುಪಾಲು ಪ್ರಶ್ನೆಗಳು 1948ರಲ್ಲೇ ಎದ್ದಿದ್ದವು, ಕೆಲವಕ್ಕೆ ಅಂದು ಕೊಟ್ಟ ಉತ್ತರವೇ ಇಂದಿಗೂ ಆಧಾರ.

ಮೊದಲು ಹಳೆಯ ಪಟ್ಟಿ ಹೇಗಿತ್ತು ಎಂದು ತಿಳಿದುಕೊಳ್ಳಬೇಕು. 1935ರ ಭಾರತ ಸರ್ಕಾರ ಕಾಯಿದೆಯ ಪ್ರಕಾರ ಮತ ಇದ್ದದ್ದು ಸುಮಾರು ಮೂರು ಕೋಟಿ ಜನಕ್ಕೆ. ಕಂದಾಯ ಕಟ್ಟುವವರು, ಆಸ್ತಿ ಇರುವವರು, ಇಂತಿಷ್ಟು ಓದಿದವರು. ಹೀಗಾಗಿ ಪಟ್ಟಿ ಮಾಡುವವನು ಮನೆಮನೆಗೆ ಹೋಗಬೇಕಾದ ಅಗತ್ಯವೇ ಹೆಚ್ಚು ಇರಲಿಲ್ಲ. ಕಂದಾಯದ ಲೆಕ್ಕ, ಮುನಿಸಿಪಾಲಿಟಿಯ ತೆರಿಗೆ ರಿಜಿಸ್ಟರು ಎದುರಿಗಿಟ್ಟುಕೊಂಡರೆ ಹೆಸರು ಸಿಗುತ್ತಿದ್ದವು. ಅನೇಕ ಹೆಂಗಸರಿಗೆ ಮತ ಬಂದದ್ದೇ ಗಂಡನ ಆಸ್ತಿಯ ಮೇಲೆ, ಇಂಥವರ ಹೆಂಡತಿ ಅಥವಾ ವಿಧವೆ ಎಂಬ ಲೆಕ್ಕದಲ್ಲಿ. ಮೇಲಾಗಿ ಧರ್ಮಕ್ಕೊಂದು, ಸಮುದಾಯಕ್ಕೊಂದು ಪ್ರತ್ಯೇಕ ಪಟ್ಟಿ. ಹೊಸ ಪಟ್ಟಿಯಲ್ಲಿ ಇದೆಲ್ಲ ಇಲ್ಲವಾಗಬೇಕಿತ್ತು. ಒಂದೇ ಪಟ್ಟಿ, ಎಲ್ಲರೂ ಅದರಲ್ಲೇ. ಕೂಲಿಯವನ ಹೆಸರು ಯಾವ ಕಂದಾಯದ ಪುಸ್ತಕದಲ್ಲೂ ಇರುವುದಿಲ್ಲ. ಅವನನ್ನು ಹುಡುಕಬೇಕಾದರೆ ಗುಡಿಸಲಿನ ಮುಂದೆ ಹೋಗಿ ನಿಲ್ಲಲೇಬೇಕು. ಕೆಲಸದ ರೀತಿಯೇ ಬದಲಾದದ್ದು ಇಲ್ಲಿ.

ಇದನ್ನು ಶುರುಮಾಡಿದ್ದು ಚುನಾವಣಾ ಆಯೋಗವಲ್ಲ. ಆಯೋಗ ಆಗ ಹುಟ್ಟಿಯೇ ಇರಲಿಲ್ಲ. ಸಂವಿಧಾನ ಸಭೆಯ ಸಚಿವಾಲಯ ಈ ಕೆಲಸಕ್ಕೆ ಕೈಹಾಕಿತು. ಅದರ ಸಾಂವಿಧಾನಿಕ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. 1947ರ ನವೆಂಬರ್‌ನಲ್ಲಿ ಸಚಿವಾಲಯದವರು ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಪತ್ರ ಬರೆದು, ವಯಸ್ಕ ಮತಾಧಿಕಾರದ ಮೇಲೆ ಪಟ್ಟಿ ಮಾಡುವುದಾದರೆ ನಿಮ್ಮಲ್ಲಿ ಏನೇನು ತೊಡಕು ಎಂದು ಕೇಳಿದರು. ಬಂದ ಉತ್ತರಗಳನ್ನೆಲ್ಲ ಇಟ್ಟುಕೊಂಡು 1948ರ ಮಾರ್ಚ್ 15ರಂದು ಪಟ್ಟಿ ಮಾಡುವ ಸೂಚನೆ ಕಳಿಸಿದರು. ಸಂವಿಧಾನದ ಕರಡು ಆಗಿನ್ನೂ ಸಭೆಯಲ್ಲಿ ಚರ್ಚೆಗೇ ಬಂದಿರಲಿಲ್ಲ. ಪೌರತ್ವದ ಕಾನೂನು ಇರಲಿಲ್ಲ. ಗಾಂಧೀಜಿ ತೀರಿಹೋಗಿ ಆರು ವಾರ ಕಳೆದಿತ್ತಷ್ಟೆ. ಅಷ್ಟರಲ್ಲೇ ಪಟ್ಟಿಗೆ ಕೈಹಾಕಿದ್ದು ಸರಿಯಾದ ನಿರ್ಧಾರ ಎಂಬುದು ಈ ಕೆಲಸ ಬಲ್ಲವರ ಅಭಿಪ್ರಾಯ. ಸಂವಿಧಾನ ಜಾರಿಯಾಗಲಿ ಎಂದು ಕಾದಿದ್ದರೆ ಮೊದಲ ಚುನಾವಣೆ ಇನ್ನೂ ಎರಡು ವರ್ಷವಾದರೂ ಮುಂದೆ ಹೋಗುತ್ತಿತ್ತು.

ಆ ಸೂಚನೆಯ ಮುಖ್ಯ ಅಂಶಗಳು ಇವು. 1949ರ ಜನವರಿ 1ಕ್ಕೆ 21 ವರ್ಷ ತುಂಬಿರಬೇಕು. ಭಾರತದ ಪ್ರಜೆಯಾಗಿರಬೇಕು. 1948ರ ಮಾರ್ಚ್ 31ಕ್ಕೆ ಮುಗಿಯುವ ವರ್ಷದಲ್ಲಿ ಕನಿಷ್ಠ 180 ದಿನ ಅದೇ ಊರಿನಲ್ಲೋ ಕ್ಷೇತ್ರದಲ್ಲೋ ವಾಸವಾಗಿರಬೇಕು. ಬುದ್ಧಿಸ್ಥಿಮಿತ ಇಲ್ಲದವರನ್ನು ಬಿಡಬೇಕು. ಆಸ್ತಿ, ಓದು, ತೆರಿಗೆ ಯಾವುದನ್ನೂ ಕೇಳುವಂತಿಲ್ಲ.

ಈಗ ಒಂದೊಂದು ಕಾಲಮ್ಮಿಗೆ ಬರೋಣ.

ಮನೆ ನಂಬರು. ಪಟ್ಟಿಯ ಬೆನ್ನೆಲುಬು ಇದೇ. ಮನೆಯ ಕ್ರಮ ತಪ್ಪಿದರೆ ಹೆಸರುಗಳು ಚದುರುತ್ತವೆ, ಒಂದೇ ಮನೆಯ ಗಂಡ ಒಂದು ಹಾಳೆಯಲ್ಲಿ, ಹೆಂಡತಿ ಇನ್ನೊಂದರಲ್ಲಿ ಸಿಗುತ್ತಾರೆ, ಒಬ್ಬರ ಹೆಸರು ಎರಡು ಕಡೆ ಸೇರುತ್ತದೆ. ಹಳ್ಳಿಗಳಲ್ಲಿ ಅಂದು ಮನೆಗಳಿಗೆ ನಂಬರು ಎಲ್ಲಿತ್ತು? ಇದ್ದ ಕಡೆಯೂ ತೆರಿಗೆ ಕಟ್ಟುವ ಮನೆಗಳಿಗೆ ಮಾತ್ರ. ಊರಾಚೆಯ ಕೇರಿ, ಹಟ್ಟಿ, ತಾಂಡ, ಹೊಲದ ನಡುವಿನ ತೋಟದ ಮನೆ, ಕಾಡಂಚಿನ ಹಾಡಿ, ಇವು ಲೆಕ್ಕದಿಂದ ಹೊರಗೆ. ಇಂದು ಪಟ್ಟಿ ತಿದ್ದುವಾಗ ನಾವು ಮಾಡುವುದು ಹೀಗೆ: ಊರಿನ ಒಂದು ಮೂಲೆ ಹಿಡಿದು ಬಲಗೈ ಬದಿಯ ಮನೆಗಳನ್ನು ಬಿಡದೆ ಬರೆಯುತ್ತ ಹೋಗಿ, ಬೀದಿ ಮುಗಿದ ಮೇಲೆ ಎದುರು ಸಾಲಿನಲ್ಲಿ ವಾಪಸು ಬರುವುದು. ಪಂಚಾಯಿತಿಯ ನಂಬರು ಇಲ್ಲದ ಮನೆಗೆ ನಾವೇ ತಾತ್ಕಾಲಿಕವಾಗಿ ಒಂದು ನಂಬರು ಹಾಕಿ, ಕೈನಕ್ಷೆಯಲ್ಲಿ ಗುರುತು ಮಾಡುತ್ತೇವೆ. ಕೇರಿಯಿಂದ ಶುರುಮಾಡುವುದು ಒಳ್ಳೆಯ ಅಭ್ಯಾಸ. ಕೊನೆಗೆ ಇಟ್ಟುಕೊಂಡರೆ ಕತ್ತಲಾಯಿತೆಂದು ಬಿಟ್ಟುಬರುವುದು ಯಾವಾಗಲೂ ಆ ಮನೆಗಳನ್ನೇ.

ಹೆಸರು. ಒಂದೇ ಊರಿನಲ್ಲಿ ಹತ್ತು ಜನ ಯಲ್ಲಪ್ಪ, ಹದಿನೈದು ಜನ ಲಕ್ಷ್ಮಮ್ಮ ಇರುವುದು ಸಾಮಾನ್ಯ. ಅದಕ್ಕಾಗಿಯೇ ತಂದೆ ಅಥವಾ ಗಂಡನ ಹೆಸರಿನ ಕಾಲಮ್ಮು. ಅದೂ ಒಂದೇ ಆದರೆ ಮನೆತನದ ಅಡ್ಡಹೆಸರು ಸೇರಿಸಬೇಕು. ಕರೆಯುವ ಹೆಸರು ಬೇರೆ, ಇಟ್ಟ ಹೆಸರು ಬೇರೆ ಇದ್ದರೆ ಎರಡನ್ನೂ ಕೇಳಿ ಖಚಿತ ಮಾಡಿಕೊಳ್ಳಬೇಕು, ಇಲ್ಲವಾದರೆ ಒಬ್ಬರೇ ಇಬ್ಬರಾಗುತ್ತಾರೆ. ಈಗಿನ ತಪ್ಪುಗಳು ಇನ್ನೊಂದು ತರಹದವು. ಇಂಗ್ಲಿಷಿನಲ್ಲಿ ಟೈಪಿಸಿದ ಹೆಸರನ್ನು ಯಂತ್ರ ಕನ್ನಡಕ್ಕೆ ತಿರುಗಿಸುವಾಗ ಕಾಳಮ್ಮ ಹೋಗಿ ಕಾಲಮ್ಮ ಆಗುತ್ತಾಳೆ, ಸಣ್ಣಪ್ಪ ಸನ್ನಪ್ಪ ಆಗುತ್ತಾನೆ. ಕನ್ನಡದ ಕಾಲಮ್ಮನ್ನು ಕಣ್ಣಿಂದ ಓದಿ ತಿದ್ದದೆ ಮುಂದಕ್ಕೆ ಕಳಿಸಬಾರದು.

ಮೊದಲ ಪಟ್ಟಿಯ ಅತಿ ದೊಡ್ಡ ಪೆಟ್ಟು ಬಿದ್ದದ್ದು ಇದೇ ಕಾಲಮ್ಮಿನಲ್ಲಿ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳ ಕಡೆ ಎಷ್ಟೋ ಹೆಂಗಸರು ಪರಗಂಡಸಿನ ಮುಂದೆ ತಮ್ಮ ಹೆಸರು ಹೇಳಲಿಲ್ಲ. ಹೆಸರು ಬರೆಯಲು ಬಂದವರು ಗಂಡಸರು. ಅವರು ಇಂಥವರ ಹೆಂಡತಿ, ಇಂಥವರ ತಾಯಿ, ಇಂಥವರ ಮಗಳು ಎಂದು ಬರೆದುಕೊಂಡು ಮುಂದೆ ನಡೆದರು. ಹಳೆಯ ಕಾಯಿದೆಯಲ್ಲಿ ಹೆಂಗಸಿನ ಮತವೇ ಗಂಡನ ಮೂಲಕ ಬರುತ್ತಿದ್ದುದರಿಂದ ಕಚೇರಿಗಳಿಗೆ ಅದು ವಿಚಿತ್ರವೆನಿಸಲೂ ಇಲ್ಲ. ಹೀಗೆ ಬರೆದ ನಮೂದುಗಳು ಲಕ್ಷಗಟ್ಟಲೆ ಇದ್ದವು.

ಮುಖ್ಯ ಚುನಾವಣಾ ಆಯುಕ್ತರಾಗಿ ಬಂದ ಸುಕುಮಾರ್ ಸೇನ್, ಸ್ವಂತ ಹೆಸರಿಲ್ಲದ ನಮೂದನ್ನು ಪಟ್ಟಿಯಲ್ಲಿ ಇಡುವಂತಿಲ್ಲ ಎಂದರು. ಹೆಸರು ಪಡೆದು ತಿದ್ದಿ, ಸಿಗದಿದ್ದರೆ ತೆಗೆಯಿರಿ ಎಂದು ಸೂಚನೆ ಹೋಯಿತು. ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಅವಧಿ ಕೊಟ್ಟರು, ಅಲ್ಲಿ ಅದು ಚೆನ್ನಾಗಿ ಉಪಯೋಗಕ್ಕೆ ಬಂತು. ರಾಜಸ್ಥಾನದಲ್ಲಿ ಅವಧಿ ಕೊಟ್ಟರೂ ಹೆಸರು ಬರಲಿಲ್ಲ. ಕೊನೆಗೂ ಹೆಸರು ಸಿಗದ ಸುಮಾರು 28 ಲಕ್ಷ ಹೆಂಗಸರು ಮೊದಲ ಚುನಾವಣೆಯಲ್ಲಿ ಮತ ಹಾಕದೆ ಉಳಿದರು. ದೇಶದಲ್ಲಿದ್ದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಇದು ನೂರಕ್ಕೆ ಮೂರಕ್ಕಿಂತ ಹೆಚ್ಚು.

ನಿಯಮ ಸರಿಯಾಗಿತ್ತೆ? ಕೆಲಸದ ದೃಷ್ಟಿಯಿಂದ ಸರಿ. ರಾಮಲಾಲನ ಹೆಂಡತಿ ಎಂದು ಬರೆದ ಸಾಲಿಗೆ ಮತಗಟ್ಟೆಯಲ್ಲಿ ಯಾರು ಬಂದು ನಿಂತರೂ ಅಧಿಕಾರಿ ಏನನ್ನೂ ತಾಳೆ ನೋಡಲಾರ. ಆ ಮನೆಯಲ್ಲಿ ಇಬ್ಬರು ಹೆಂಡತಿಯರಿದ್ದರೆ ಯಾರ ಮತ ಯಾವುದು? ಗಂಡ ಸತ್ತರೆ ಆ ಸಾಲು ಏನಾಗಬೇಕು? ಹೆಸರಿಲ್ಲದ ಸಾಲು ಯಾರ ಹಕ್ಕನ್ನೂ ಕಾಯುವುದಿಲ್ಲ. ಆದರೆ ಬರೆಯಲು ಹೋದವರಲ್ಲಿ ಹೆಂಗಸರಿದ್ದಿದ್ದರೆ, ಒಳಮನೆಗೆ ಹೋಗಿ ಕೇಳುವವರಿದ್ದಿದ್ದರೆ, ಆ ಹೆಸರುಗಳಲ್ಲಿ ಬಹುಪಾಲು ಸಿಕ್ಕೇ ಸಿಗುತ್ತಿದ್ದವು. ಇಂದು ಕರ್ನಾಟಕದಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿಗಳಾಗಿ ಎಷ್ಟೋ ಕಡೆ ಅಂಗನವಾಡಿ ಕಾರ್ಯಕರ್ತೆಯರೂ ಶಿಕ್ಷಕಿಯರೂ ಇರುವುದರ ಬೆಲೆ ಇಲ್ಲಿ ತಿಳಿಯುತ್ತದೆ. ಅವರು ಅಡುಗೆಮನೆಯವರೆಗೂ ಹೋಗುತ್ತಾರೆ. ಬಸುರಿ, ಬಾಣಂತಿ, ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಎಲ್ಲರೂ ಅವರಿಗೆ ಗೊತ್ತು.

ನಮ್ಮ ಕಡೆ ಸಂಕೋಚ ಇರುವುದು ತಿರುವುಮುರುವಾಗಿ. ಅಜ್ಜಿ ತನ್ನ ಹೆಸರನ್ನು ಸಲೀಸಾಗಿ ಹೇಳುತ್ತಾಳೆ, ಗಂಡನ ಹೆಸರು ಮಾತ್ರ ಬಾಯಿಂದ ಬರುವುದಿಲ್ಲ.

"ಯಜಮಾನ್ರ ಹೆಸರೇನ್ರೀ ಯವ್ವಾ?"

"ಅಯ್ಯ, ಅದನ್ನ ನಾ ಹೆಂಗ ಹೇಳ್ಲಿ? ಆ ಹುಡುಗನ್ನ ಕೇಳ್ರಿ."

ಉತ್ತರ ಕರ್ನಾಟಕದಲ್ಲಿ ಮದುವೆ, ಸೀಮಂತಗಳಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳುವ ಸಂಪ್ರದಾಯ ಬೆಳೆದದ್ದೂ ಇದೇ ಸಂಕೋಚದಿಂದ. ಇಂಥಲ್ಲಿ ಒತ್ತಾಯ ಮಾಡಬಾರದು. ಮಗನನ್ನೋ ಪಕ್ಕದ ಮನೆಯವರನ್ನೋ ಕೇಳಿ ಬರೆದುಕೊಂಡು, ಬರೆದ ಹೆಸರನ್ನು ಗಟ್ಟಿಯಾಗಿ ಓದಬೇಕು. ಅಜ್ಜಿ ತಲೆಯಾಡಿಸಿದರೆ ಖಾತ್ರಿ. ಗಂಡನ ಹೆಸರೇ ಬೇಕೆಂದೇನೂ ಇಲ್ಲ, ತಂದೆಯ ಅಥವಾ ತಾಯಿಯ ಹೆಸರನ್ನೂ ಕೊಡಬಹುದು ಎಂದು ತಿಳಿಸಿ ಹೇಳುವುದು ಇನ್ನೂ ಒಳ್ಳೆಯದು.

ವಯಸ್ಸು. 1949ರ ಜನವರಿ 1ಕ್ಕೆ 21 ತುಂಬಬೇಕಾದರೆ 1928ರ ಜನವರಿ 1ಕ್ಕಾಗಲೀ ಅದಕ್ಕೆ ಮೊದಲಾಗಲೀ ಹುಟ್ಟಿರಬೇಕು. ಜನನ ನೋಂದಣಿ ನೆಟ್ಟಗಿರದ ಕಾಲ. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18. ಹುಟ್ಟಿದ ತಾರೀಕು ಎಂದರೆ ಯಾರೂ ಹೇಳಲಾರರು, ಆದರೆ ಪ್ಲೇಗು ಬಂದು ಊರು ಬಿಟ್ಟ ವರ್ಷ, ಕೆರೆ ಒಡೆದ ವರ್ಷ, ದೊಡ್ಡ ಬರ ಎಂದರೆ ಎಲ್ಲರಿಗೂ ನೆನಪು. ಗಣತಿಯ ಕೆಲಸಕ್ಕೆ ಹೋಗುವವರು ಇಂಥ ಘಟನೆಗಳ ಒಂದು ಪಟ್ಟಿಯನ್ನು ಊರಿನ ಹಿರಿಯರಿಂದ ಮೊದಲೇ ಬರೆದಿಟ್ಟುಕೊಳ್ಳುವುದು ಹಳೆಯ ಕ್ರಮ, ಈಗಲೂ ಮುದುಕರ ವಯಸ್ಸಿಗೆ ಅದೇ ದಾರಿ. ಈ ಕಾಲಮ್ಮಿನಲ್ಲಿ ಆಗುವ ಎಡವಟ್ಟು ಎಂದರೆ ಎಲ್ಲರ ವಯಸ್ಸೂ ಇಪ್ಪತ್ತೈದು, ಮೂವತ್ತು, ನಲವತ್ತು ಎಂದು ದುಂಡುಸಂಖ್ಯೆಗೆ ಬಂದು ಕೂರುವುದು. ನಡುವಯಸ್ಸಿನವರಿಗೆ ಅದರಿಂದ ತೊಂದರೆ ಇಲ್ಲ. ಗಡಿಯಲ್ಲಿರುವ ಹುಡುಗ ಹುಡುಗಿಯರನ್ನು ಇಪ್ಪತ್ತು ಎಂದು ದುಂಡಗೆ ಬರೆದರೆ ಅವರ ಮತವೇ ಹೋಗುತ್ತದೆ. ಇಂಥವರಲ್ಲಿ ಅಣ್ಣ ತಮ್ಮಂದಿರ ನಡುವೆ ಎಷ್ಟು ವರ್ಷ ಅಂತರ ಎಂದು ಕೇಳಿ ತಾಳೆ ನೋಡಬೇಕು.

ಅರ್ಹತೆಯ ತಾರೀಕು ಮುಂದೆ ಬದಲಾಯಿತು. 1950ರ ಪ್ರಜಾಪ್ರತಿನಿಧಿ ಕಾಯಿದೆ ಬಂದಾಗ ಅದು 1950ರ ಮಾರ್ಚ್ 1 ಆಯಿತು. ಎಂದರೆ ಅಲ್ಲಿಯವರೆಗೆ ಬರೆದ ಪಟ್ಟಿಗೆ, ನಡುವಿನ ಹದಿನಾಲ್ಕು ತಿಂಗಳಲ್ಲಿ 21 ತುಂಬಿದವರನ್ನೆಲ್ಲ ಸೇರಿಸಿ, ಸತ್ತವರನ್ನು ತೆಗೆದು, ಮತ್ತೆ ಪರಿಷ್ಕರಿಸಬೇಕಾಯಿತು. ತಾರೀಕು ಒಂದು ಬದಲಾದರೆ ಕೆಳಗಿನವನಿಗೆ ಬೀಳುವ ಕೆಲಸ ಎಷ್ಟು ಎಂಬುದು ಬರೆದವರಿಗೇ ಗೊತ್ತು. ಮತದ ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ. 2022ರಿಂದ ವರ್ಷಕ್ಕೆ ಒಂದರ ಬದಲು ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಕು.

ವಾಸ. ಇದು ಅಂದೂ ಇಂದೂ ಅತಿ ಕಠಿಣವಾದ ಕಾಲಮ್ಮು. 180 ದಿನ ಒಂದೇ ಕಡೆ ಇದ್ದಿರಬೇಕು ಎಂದು ನಿಯಮ. 1947ರ ಆಗಸ್ಟ್‌ನಿಂದ ಈಚೆಗೆ ಲಾಹೋರಿನಿಂದಲೋ ಸಿಂಧ್‌ನಿಂದಲೋ ಪೂರ್ವ ಬಂಗಾಳದಿಂದಲೋ ಉಟ್ಟ ಬಟ್ಟೆಯಲ್ಲಿ ಬಂದವರು ಲಕ್ಷಗಟ್ಟಲೆ ಜನ. ಒಂದು ಶಿಬಿರದಿಂದ ಇನ್ನೊಂದಕ್ಕೆ, ಅಲ್ಲಿಂದ ಯಾರದೋ ನೆಂಟರ ಮನೆಗೆ. ಅವರು 180 ದಿನದ ಲೆಕ್ಕ ಎಲ್ಲಿಂದ ತಂದಾರು? ಪೌರತ್ವದ ಕಾನೂನೇ ಇಲ್ಲದಿದ್ದಾಗ ಅವರು ಪ್ರಜೆಗಳು ಹೌದೋ ಅಲ್ಲವೋ ಎಂದು ನಿರ್ಧರಿಸುವವರು ಯಾರು? ಅಕ್ಷರಶಃ ನಿಯಮ ಹಿಡಿದಿದ್ದರೆ ಸ್ವಾತಂತ್ರ್ಯಕ್ಕೆ ಹೆಚ್ಚು ಬೆಲೆ ತೆತ್ತವರೇ ಪಟ್ಟಿಯ ಹೊರಗೆ ಉಳಿಯುತ್ತಿದ್ದರು.

ಸಚಿವಾಲಯ ಕಂಡುಕೊಂಡ ಉಪಾಯ ತುಂಬ ಸರಳ. ನಿರಾಶ್ರಿತರು ತಾವು ಈ ಊರಿನಲ್ಲೇ ಕಾಯಂ ನೆಲೆಸುವ ಉದ್ದೇಶ ಹೊಂದಿದ್ದೇವೆ ಎಂದು ಒಂದು ಹೇಳಿಕೆ ಕೊಟ್ಟರೆ ಸಾಕು, ಎಷ್ಟು ದಿನದಿಂದ ಇದ್ದಾರೆ ಎಂದು ನೋಡದೆ ಸದ್ಯಕ್ಕೆ ಅವರ ಹೆಸರು ಸೇರಿಸಿ, ಪೌರತ್ವದ ಪ್ರಶ್ನೆಯನ್ನು ಕಾನೂನು ಬಂದ ಮೇಲೆ ನೋಡೋಣ ಎಂದಿತು. ದಾಖಲೆ ಇಲ್ಲದವರಿಂದ ದಾಖಲೆ ಕೇಳದೆ ಅವರ ಮಾತನ್ನೇ ದಾಖಲೆ ಮಾಡಿಕೊಂಡ ಕ್ರಮ ಇದು. ಹೊಸ ಸರ್ಕಾರವೊಂದು ತನ್ನ ಜನರನ್ನು ನಂಬಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ. ಎಲ್ಲ ಕಡೆಯೂ ಇದು ತಕರಾರಿಲ್ಲದೆ ನಡೆಯಲಿಲ್ಲ. ಅಸ್ಸಾಮಿನಲ್ಲಿ ಹೊರಗಿನಿಂದ ಬಂದವರನ್ನು ಪಟ್ಟಿಗೆ ಸೇರಿಸದಿರುವ ಪ್ರಯತ್ನ ನಡೆದಾಗ ಅಲ್ಲಿನ ನಾಗರಿಕರ ಸಂಘಗಳು ನೇರ ದೆಹಲಿಗೆ ಪತ್ರ ಬರೆದವು. ಸಚಿವಾಲಯ ಸೂಚನೆಯನ್ನು ಮತ್ತೆ ಸ್ಪಷ್ಟಪಡಿಸಿ ಬರೆಯಬೇಕಾಯಿತು. ಸಾಮಾನ್ಯ ಜನ ಸಂವಿಧಾನದ ಕರಡನ್ನು ಉದ್ಧರಿಸಿ ಹಕ್ಕು ಕೇಳಲು ಕಲಿತದ್ದು ಈ ಪತ್ರವ್ಯವಹಾರದಲ್ಲೇ.

ಇಂದು 180 ದಿನದ ಷರತ್ತು ಇಲ್ಲ. 1950ರ ಕಾಯಿದೆಯ 19 ಮತ್ತು 20ನೇ ಕಲಮುಗಳಲ್ಲಿ ಇರುವುದು ಸಾಮಾನ್ಯವಾಗಿ ವಾಸವಾಗಿರುವ ಸ್ಥಳ ಎಂಬ ಮಾತು. ಊರಿನಲ್ಲಿ ಮನೆ ಇದೆ ಎಂಬುದೊಂದರಿಂದಲೇ ಅಲ್ಲಿನ ವಾಸಿ ಎನ್ನಲಾಗದು, ಕೆಲವು ದಿನ ಊರಲ್ಲಿರಲಿಲ್ಲ ಎಂಬುದೊಂದರಿಂದಲೇ ವಾಸಿಯಲ್ಲ ಎನ್ನಲೂ ಆಗದು. ಕಬ್ಬು ಕಡಿಯಲು ಹೋದ ಕುಟುಂಬ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದ ಕಲಬುರಗಿ, ಯಾದಗಿರಿಯ ಜನ, ಇವರ ಮನೆ ಬೀಗ ಹಾಕಿದ್ದನ್ನು ನೋಡಿ ಸ್ಥಳಾಂತರ ಎಂದು ಬರೆದುಬಿಡುವುದು ಪಟ್ಟಿಯ ಕೆಲಸದಲ್ಲಿ ಅತಿ ಹೆಚ್ಚು ಹಾನಿ ಮಾಡುವ ತಪ್ಪು. ಬೀಗ ಕಂಡರೆ ಇನ್ನೊಂದು ಸಲ ಹೋಗಬೇಕು, ನೆರೆಯವರನ್ನು ಕೇಳಬೇಕು, ಹಬ್ಬಕ್ಕೋ ಜಾತ್ರೆಗೋ ಬರುತ್ತಾರೆಯೇ, ರೇಷನ್ ಎಲ್ಲಿ ತೆಗೆದುಕೊಳ್ಳುತ್ತಾರೆ, ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ವಿಚಾರಿಸಬೇಕು. ಮನೆಯೇ ಇಲ್ಲದವರಿಗೂ ಹಕ್ಕಿದೆ. ರಸ್ತೆ ಬದಿಯಲ್ಲಿ, ಸೇತುವೆ ಕೆಳಗೆ ಮಲಗುವವರು ಅರ್ಜಿ ಕೊಟ್ಟರೆ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವರು ಅಲ್ಲೇ ಮಲಗುತ್ತಾರೆ ಎಂದು ಕಣ್ಣಾರೆ ನೋಡಿಕೊಂಡರೆ ಸಾಕು, ವಿಳಾಸದ ಕಾಗದ ಕೇಳುವಂತಿಲ್ಲ. 1948ರ ನಿರಾಶ್ರಿತರ ಹೇಳಿಕೆಯ ಹಿಂದೆ ಇದ್ದ ಮನಸ್ಸೇ ಈ ನಿಯಮದಲ್ಲೂ ಇದೆ.

ಕನ್ನಡ ಜನರ ಮಟ್ಟಿಗೆ ಪಟ್ಟಿ ಒಂದೇ ಕಚೇರಿಯಿಂದ ಬರಲಿಲ್ಲ. ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದ್, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲ. ಮಾರ್ಚ್ ಸೂಚನೆ ಹೊರಟಾಗ ಹೈದರಾಬಾದ್ ಇನ್ನೂ ನಿಜಾಮನ ಕೈಯಲ್ಲಿತ್ತು. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಷ್ಟೇ ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಈ ಕೆಲಸಕ್ಕೆ ದಾರಿಯಾಯಿತು.

1949ರ ಜನವರಿ 8ರಂದು ಸಂವಿಧಾನ ಸಭೆ, ವಯಸ್ಕ ಮತಾಧಿಕಾರದ ಮೇಲೆ ಪಟ್ಟಿ ಮಾಡಿ ಆದಷ್ಟು ಬೇಗ ಚುನಾವಣೆ ನಡೆಸಬೇಕು ಎಂದು ಗೊತ್ತುವಳಿ ಮಾಡಿತು. ಅದೇ ವರ್ಷ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾದಾಗ, ಉಳಿದದ್ದರಲ್ಲಿ ಬಹುಪಾಲು ಜನವರಿಗೆ ಕಾದರೂ ಪೌರತ್ವದ 5ರಿಂದ 9ನೇ ವಿಧಿಗಳು ಮತ್ತು ಚುನಾವಣಾ ಆಯೋಗದ 324ನೇ ವಿಧಿ ಆ ದಿನವೇ ಜಾರಿಗೆ ಬಂದವು. ಪಟ್ಟಿಗೆ ಅವೆರಡೂ ತುರ್ತಾಗಿ ಬೇಕಿದ್ದವು. ಆಯೋಗ 1950ರ ಜನವರಿ 25ರಂದು ರೂಪುಗೊಂಡಿತು, ಮಾರ್ಚ್‌ನಲ್ಲಿ ಸುಕುಮಾರ್ ಸೇನ್ ಅಧಿಕಾರ ವಹಿಸಿಕೊಂಡರು. ಕ್ಷೇತ್ರ ವಿಂಗಡಣೆಗೆ 1951ರ ಜನಗಣತಿಯ ಅಂಕಿ ಕೈಗೆ ಬಂದಿರಲಿಲ್ಲ, 1950ರ ಮಾರ್ಚ್ 1ರ ಅಂದಾಜು ಜನಸಂಖ್ಯೆಯ ಮೇಲೆಯೇ ಗಡಿ ಎಳೆದರು.

ಕೈಬರಹದ ಹಾಳೆ ಪಟ್ಟಿಯಾಗಬೇಕಾದರೆ ಟೈಪು ಮಾಡಿ, ಕ್ಷೇತ್ರವಾರು ಜೋಡಿಸಿ, ಮುದ್ರಿಸಬೇಕು. ಇದಕ್ಕೆ ಆರು ತಿಂಗಳ ಕರಾರಿನ ಮೇಲೆ 16,500 ಗುಮಾಸ್ತರನ್ನು ತೆಗೆದುಕೊಂಡರು. ಮುದ್ರಣಕ್ಕೆ ಹೋದ ಕಾಗದ ಸುಮಾರು 3,80,000 ರೀಮು. ರೀಮಿಗೆ 500 ಹಾಳೆ ಹಿಡಿದರೆ 19 ಕೋಟಿ ಹಾಳೆ, ಪಟ್ಟಿಯಲ್ಲಿದ್ದ 17.3 ಕೋಟಿ ಮತದಾರರಿಗೆ ತಲಾ ಒಂದಕ್ಕಿಂತ ಹೆಚ್ಚು. ಹೆಸರು ಕಳೆದುಹೋಗುವುದು ಹೆಚ್ಚಾಗಿ ಈ ಹಂತದಲ್ಲಿ. ಮನೆ ಬಾಗಿಲಲ್ಲಿ ಸರಿಯಾಗಿ ಬರೆದದ್ದನ್ನು ಪ್ರತಿ ಮಾಡುವವನು ಒಂದು ಸಾಲು ಹಾರಿಸಿದರೆ ಆ ಮನುಷ್ಯ ಪಟ್ಟಿಯಲ್ಲಿಲ್ಲ, ಮತ್ತು ಅದು ಅವನಿಗೆ ತಿಳಿಯುವುದು ಮತದಾನದ ದಿನವೇ. ಒಂದು ಹಾಳೆಯ ಹೆಸರುಗಳನ್ನು ಎಣಿಸಿ ಕೆಳಗೆ ಮೊತ್ತ ಬರೆದು, ಟೈಪಾದ ಹಾಳೆಯಲ್ಲೂ ಅದೇ ಮೊತ್ತ ಬರುತ್ತದೆಯೇ ನೋಡುವುದು ಇದಕ್ಕಿರುವ ಹಳೆಯ, ನಂಬಿಕೆಯ ಉಪಾಯ. ಗಣಕಯಂತ್ರ ಬಂದ ಮೇಲೂ ಅದನ್ನು ಬಿಡಬಾರದು.

ಪಟ್ಟಿಯ ದೌರ್ಬಲ್ಯವೇ ಮತಗಟ್ಟೆಯ ವ್ಯವಸ್ಥೆಯನ್ನೂ ತೀರ್ಮಾನಿಸಿತು. ಪಟ್ಟಿಯಲ್ಲಿ ಫೋಟೊ ಇರಲಿಲ್ಲ, ಗುರುತಿನ ಚೀಟಿ ಇರಲಿಲ್ಲ. ಒಬ್ಬರೇ ಎರಡು ಸಲ ಬಾರದಂತೆ ತಡೆಯಲು ಇದ್ದದ್ದು ಅಳಿಸದ ಶಾಯಿ. ಆ ಚುನಾವಣೆಯಲ್ಲಿ 3,89,816 ಸೀಸೆ ಖರ್ಚಾಯಿತು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದಾಗ ಚರ್ಮದ ಮೇಲೆ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. ಹಚ್ಚಿದೊಡನೆ ಒರೆಸಿಬಿಟ್ಟರೆ ಗುರುತು ಸರಿಯಾಗಿ ಕೂರುವುದಿಲ್ಲ, ಅದಕ್ಕೇ ಬೆರಳಿನ ಎಣ್ಣೆ ಒರೆಸಿ, ಹಚ್ಚಿ, ಒಣಗುವವರೆಗೆ ಕಾಯಬೇಕು. 1962ರಿಂದ ಈ ಶಾಯಿ ಬರುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಿಂದ.

ಓದು ಬಾರದವರು ಮತ ಹಾಕುವುದು ಹೇಗೆ ಎಂಬುದಕ್ಕೆ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಚಿಹ್ನೆ. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಒಂದು ರೂಪಾಯಿ ನೋಟಿನ ಅಳತೆಯ ಮತಪತ್ರ ನಾಸಿಕದಲ್ಲಿ ಅಚ್ಚಾಗಿತ್ತು. ಅದರ ಮೇಲೆ ಏನನ್ನೂ ಗುರುತು ಮಾಡುವಂತಿರಲಿಲ್ಲ, ಮರೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆ ಬೇಕಾದವು, ಅದಕ್ಕೆ ಸುಮಾರು 8,200 ಟನ್ ಉಕ್ಕು. ಒಂದೊಂದು ಪೆಟ್ಟಿಗೆ ಮೂರು ನಾಲ್ಕು ಕೆ.ಜಿ. ಒಂದು ಮತಗಟ್ಟೆಗೆ ಸರಾಸರಿ ಹತ್ತು ಪೆಟ್ಟಿಗೆ ಹೊರಬೇಕೆಂದರೆ ಎತ್ತಿನ ಗಾಡಿಯೇ ಬೇಕು.

ಈ ಪದ್ಧತಿಯ ಒಂದು ದೋಷ ಆಗಲೇ ಕಂಡಿತು. ಗುರುತಿಲ್ಲದ ಮತಪತ್ರವನ್ನು ಪೆಟ್ಟಿಗೆಗೆ ಹಾಕದೆ ಕಿಸೆಯಲ್ಲಿಟ್ಟುಕೊಂಡು ಹೊರಗೆ ಬಂದರೆ, ಅದನ್ನು ಇನ್ನೊಬ್ಬ ಒಯ್ದು ತನಗೆ ಬೇಕಾದ ಪೆಟ್ಟಿಗೆಗೆ ಹಾಕಬಹುದು. ಇನ್ನೊಂದು ತೊಡಕು ಇಬ್ಬರು ಸದಸ್ಯರ ಕ್ಷೇತ್ರಗಳದು. ಮೈಸೂರು ರಾಜ್ಯದ ವಿಧಾನಸಭೆಯ 99 ಸ್ಥಾನಗಳಿಗೆ ಇದ್ದ ಕ್ಷೇತ್ರ 80, ಅದರಲ್ಲಿ 19 ಇಂಥವು. ಅಲ್ಲಿ ಮತದಾರನಿಗೆ ಎರಡು ಮತಪತ್ರ, ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೇ ಹಾಕಬೇಕು. ಎರಡನ್ನೂ ಒಂದಕ್ಕೇ ಹಾಕಿದರೆ ಒಂದು ಅಸಿಂಧು. ಒಂದೇ ಕಾಗದದಲ್ಲಿ ಎಲ್ಲ ಹೆಸರೂ ಚಿಹ್ನೆಯೂ ಇರುವ, ಮುದ್ರೆ ಒತ್ತುವ ಪದ್ಧತಿ ಅರವತ್ತರ ದಶಕದ ಮೊದಲಲ್ಲಿ ಬಂದ ಮೇಲೆ ಮೊದಲ ದೋಷ ತಪ್ಪಿತು.

ಮೊದಲ ಮತ ಬಿದ್ದದ್ದು 1951ರ ಅಕ್ಟೋಬರ್ 25ರಂದು, ಹಿಮಾಚಲದ ಚೀನಿ ತಹಸೀಲಿನಲ್ಲಿ, ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಎಂದು. ಉಳಿದ ದೇಶದಲ್ಲಿ ಮತದಾನ 1952ರ ಫೆಬ್ರವರಿಯವರೆಗೆ ನಡೆಯಿತು.

ಪಟ್ಟಿ ಒಂದು ಸಲ ಬರೆದು ಮುಗಿಸುವ ಕೆಲಸವಲ್ಲ. ಸಾಯುವವರು, ಹುಟ್ಟೂರು ಬಿಡುವವರು, ಮದುವೆಯಾಗಿ ಬೇರೆ ಊರಿಗೆ ಹೋಗುವ ಹೆಣ್ಣುಮಕ್ಕಳು, ವಯಸ್ಸು ತುಂಬುವವರು ಎಂದು ಅದು ದಿನವೂ ಹಳತಾಗುತ್ತಿರುತ್ತದೆ. ಕರಡು ಪಟ್ಟಿ ಪ್ರಕಟವಾದ ಮೇಲೆ ಹಕ್ಕು ಮತ್ತು ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ಹೊಸ ಹೆಸರಿಗೆ ನಮೂನೆ 6, ತೆಗೆಯಲು 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ 8. ಆಕ್ಷೇಪಣೆಯ ಮೇಲೆ ಒಬ್ಬರ ಹೆಸರು ತೆಗೆಯುವ ಮೊದಲು ಅವರಿಗೆ ನೋಟಿಸು ಹೋಗಬೇಕು, ಅವರ ಮಾತು ಕೇಳಬೇಕು. ಗ್ರಾಮಸಭೆಯಲ್ಲಿ ಕರಡು ಪಟ್ಟಿಯನ್ನು ಗಟ್ಟಿಯಾಗಿ ಓದುವ ಕ್ರಮ ಇದೆ. ಓದುವಾಗ ಮೂರು ಕಡೆ ಕಿವಿಗೊಡಬೇಕು: ಕಳೆದ ವರ್ಷ ಮದುವೆಯಾಗಿ ಬಂದ ಸೊಸೆಯರ ಹೆಸರು ಬಂದಿವೆಯೇ, ದುಡಿಯಲು ಹೊರಗೆ ಹೋದವರ ಮನೆಯ ಸಾಲುಗಳು ಉಳಿದಿವೆಯೇ, ಕೇರಿಯ ಮತ್ತು ತಾಂಡದ ಮನೆ ನಂಬರುಗಳು ನಡುವೆ ಎಲ್ಲೂ ತುಂಡಾಗದೆ ಸಾಗಿವೆಯೇ. ನಂಬರು ಹಾರಿದ ಕಡೆ ನಿಲ್ಲಿಸಿ, ಆ ಮನೆಯಲ್ಲಿ ಯಾರಿದ್ದಾರೆ ಎಂದು ಸಭೆಯಲ್ಲೇ ಕೇಳಿ, ಅಲ್ಲೇ ನಮೂನೆ 6 ತುಂಬಿಸಿಕೊಳ್ಳಿ.